ಚೀಟಿ ಬರೆಸಿದ ಮೇಲೆ ಬಾಯಿ ಬಿಟ್ಟರು

ಒಬ್ಬರೇ ಲೇಖಕಿಯ ಕಾದಂಬರಿ ಹಿಡಿದು ವರ್ಷವಿಡೀ ಓದುಗರ ಕೂಟ ನಡೆಸುತ್ತೇನೆ ಅಂದಾಗ ಮೊದಲು ನಕ್ಕಿದ್ದು ನಮ್ಮ ಯಜಮಾನರು. "ಮೂರನೇ ತಿಂಗಳಿಗೆ ನೀನೊಬ್ಬಳೇ ಟೀ ಕುಡಿದು ಬರ್ತೀಯ ನೋಡು" ಅಂದರು. ಈಗ ಎರಡು ವರ್ಷ ದಾಟಿದೆ. ಹೋದ ತಿಂಗಳು ಹದಿನಾರೋ ಹದಿನೇಳೋ ಜನ ಬಂದಿದ್ದರು, ಕುರ್ಚಿ ಸಾಲದೆ ಇಬ್ಬರು ಕಿಟಕಿ ಕಟ್ಟೆ ಮೇಲೆ ಕೂತರು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ. ಲೇಖಕಿ ರುತ್ ರೆಂಡೆಲ್, ಕೊಲೆ, ಅಪರಾಧದ ಕಾದಂಬರಿ ಬರೆದವರು, 2015ರಲ್ಲಿ ತೀರಿಕೊಂಡರು. ಇದೇ ಸಫೊಕ್ ಸೀಮೆಯ ಹಳ್ಳಿಯಲ್ಲಿ ಎಷ್ಟೋ ವರ್ಷ ಇದ್ದರು, ಹಾಗಾಗಿ ಇಲ್ಲಿಯ ಜನಕ್ಕೆ ಅವರು ಮನೆಯವರ ಹಾಗೆ. ಅವರ ಪತ್ತೇದಾರ ಇನ್ಸ್‌ಪೆಕ್ಟರ್ ವೆಕ್ಸ್‌ಫರ್ಡ್ ಕಥೆಗಳನ್ನು ನಾನು ಬೇಕಂತಲೇ ಬಿಟ್ಟೆ. ಮನಸ್ಸಿನೊಳಗೆ ಇಳಿಯುವ ಕಾದಂಬರಿಗಳು ಮಾತ್ರ.

ಮೊದಲ ಆರು ತಿಂಗಳು ಸೋಲೇ. ಹದಿನಾಲ್ಕು ಹೊಸ ಪ್ರತಿ ಕೊಂಡೆ, ಸುಮಾರು 120 ಪೌಂಡ್ ಹೋಯಿತು. ಬಂದವರು ಆರು ಜನ. ಪುಸ್ತಕ ವಾಪಸ್ ಬಂದದ್ದು ಒಂಬತ್ತೋ ಏನೋ. ಐದಕ್ಕೆ ಎಷ್ಟು ಅಂಕ ಅಂತ ಕೇಳಿದರೆ ಎಲ್ಲರೂ ನಾಲ್ಕು. ಇಲ್ಲಿಯವರ ಮರ್ಯಾದೆ ನಿಮಗೆ ಗೊತ್ತಲ್ಲ, "ವೆರಿ ನೈಸ್" ಅಂದು ಬಿಸ್ಕತ್ತಿಗೆ ಕೈ ಹಾಕುತ್ತಾರೆ. ಮಾತು ಮುಗಿಯಿತು. ಅದಕ್ಕಿಂತ ದೊಡ್ಡ ಕಾಟ ಅಂದರೆ "ನನಗೆ ಮೊದಲೇ ಗೊತ್ತಿತ್ತು" ಅನ್ನುವವರು. ಕೊನೆ ಓದಿಕೊಂಡು ಬಂದವರಿಗೆಲ್ಲ ಮೊದಲೇ ಗೊತ್ತಿರುತ್ತದೆ! ವಾಟ್ಸಾಪ್ ಗುಂಪು ಮಾಡಿದೆ, ಎರಡನೇ ದಿನವೇ ಒಬ್ಬರು ಕೊನೆ ಹೇಳಿಬಿಟ್ಟರು. ಗುಂಪು ಮುಚ್ಚಿದೆ.

ಆಮೇಲೆ ಹೊಳೆದದ್ದು ಚೀಟಿ. ಪುಸ್ತಕವನ್ನು ಮೂರು ಭಾಗ ಮಾಡಿ, ಒಂದೊಂದು ಭಾಗ ಮುಗಿದಾಗ ಒಂದು ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು, ಹೆಸರು ಬರೆಯಬಾರದು, ಕೂಟದ ದಿನವೇ ಒಡೆಯುವುದು. "ಪುಸ್ತಕ ಹೇಗಿದೆ" ಅಂತ ಕೇಳಲೇಬಾರದು. ನನ್ನ ಪ್ರಶ್ನೆ ಎರಡೇ: ಈಗ ಯಾರ ಮೇಲೆ ಕೋಪ, ಯಾರ ಮೇಲೆ ಕನಿಕರ? ಯಾವ ಪುಟದಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಇಡೀ ಗುಟ್ಟಿದೆ. ಅದನ್ನು ಹೇಳುವುದಿಲ್ಲ, ನೀವೇ ಎರಡು ಪುಸ್ತಕ ಕೆಡಿಸಿಕೊಂಡು ಕಲಿಯಿರಿ.

ಮೊದಲ ಪ್ರಯೋಗ 1977ರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್' ಮೇಲೆ. ಮನೆಗೆಲಸದ ಯೂನಿಸ್ ಪಾರ್ಚ್‌ಮನ್ ಕವರ್‌ಡೇಲ್ ಮನೆಯವರನ್ನು ಕೊಂದಳು, ಯಾಕೆಂದರೆ ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಇದು ಮೊದಲ ವಾಕ್ಯದಲ್ಲೇ ಇದೆ. ಹಾಗಾಗಿ "ಮೊದಲೇ ಗೊತ್ತಿತ್ತು" ಪಕ್ಷದವರಿಗೆ ಕೆಲಸವೇ ಇಲ್ಲ. ಮೊದಲ ಚೀಟಿಯಲ್ಲಿ ಮುಕ್ಕಾಲು ಪಾಲು ಜನಕ್ಕೆ ಯೂನಿಸ್ ಮೇಲೆ ಕೋಪ. ಎರಡನೆಯದರಲ್ಲಿ ಅದು ಮನೆಯವರ ಕಡೆ ತಿರುಗಿತ್ತು, ಓದು ಕಲಿಸುತ್ತೇನೆ ಅಂತ ಮುಂದೆ ಬರುವ ಮಗಳ ಮೇಲೂ. ಮೂರನೆಯದರಲ್ಲಿ ಒಬ್ಬರು ಬರೆದಿದ್ದರು, "ಈಗ ನನಗೆ ಲೇಖಕಿಯ ಮೇಲೇ ಕೋಪ." ಓದು ಬಾರದವರನ್ನು ಕಲ್ಲು ಅಂತ ತೋರಿಸುವುದು ಅನ್ಯಾಯ ಅಂತ ಅವರ ವಾದ. ಅವತ್ತು ಎರಡು ಗಂಟೆ ಜಗಳ. ಎಂಥ ಸುಖ!

ನಾನೂ ಒಂದು ಚೀಟಿ ಹಾಕಿದ್ದೆ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ನಗುತ್ತಾ ಬರುತ್ತಿದ್ದರು. ಬಸ್ಸಿನ ಬೋರ್ಡು ಓದೋದಕ್ಕೆ ಯಾರನ್ನಾದರೂ ಕೇಳಿದರಾಯಿತು. ಊರಲ್ಲಿ ಅರ್ಧ ಜನ ಹಾಗೇ ಇದ್ದಾಗ ಮುಚ್ಚಿಡುವುದು ಏನನ್ನು? ಯೂನಿಸ್ ಇದ್ದದ್ದು ಎಲ್ಲರಿಗೂ ಓದು ಬರುವ ನಾಡಿನಲ್ಲಿ. ಅವಳನ್ನು ಕೆಡಿಸಿದ್ದು ಅಕ್ಷರ ಇಲ್ಲದ್ದಲ್ಲ, ಒಂಟಿ ನಾಚಿಕೆ ಅಂತ ಬರೆದಿದ್ದೆ. ಹೆಸರಿಲ್ಲದಿದ್ದರೂ ಯಾರದು ಅಂತ ಎಲ್ಲರಿಗೂ ಗೊತ್ತಾಯಿತು ಅನ್ನಿ. ಹಾಗೆಯೇ ಇನ್ನೊಂದು ಚೀಟಿ: "ನಾವು ಯಾರ ಕಾಗದವನ್ನೂ ಒಡೆದು ಓದಿಲ್ಲ." ಕಥೆಯಲ್ಲಿ ಅಂಚೆ ಕಚೇರಿಯ ಜೋನ್ ಸ್ಮಿತ್ ಊರವರ ಕಾಗದ ಓದುತ್ತಾಳೆ, ನಮ್ಮ ಕೂಟದಲ್ಲಿ ಅಂಚೆ ಕಚೇರಿಯಿಂದ ನಿವೃತ್ತರಾದವರು ಒಬ್ಬರೇ.

ನಡುವೆ ಒಂದು ಹುಚ್ಚು ಪ್ರಯೋಗ. ರೆಂಡೆಲ್ ಅವರು ಬಾರ್ಬರಾ ವೈನ್ ಅನ್ನುವ ಹೆಸರಲ್ಲೂ ಬರೆದರು, ಅದರಲ್ಲಿ ಮೊದಲನೆಯದು 1986ರ 'ಎ ಡಾರ್ಕ್-ಅಡಾಪ್ಟೆಡ್ ಐ'. ಜೂನ್ ತಿಂಗಳಲ್ಲಿ ಶಾಲೆ ಪುಸ್ತಕಕ್ಕೆ ಹಾಕುತ್ತಿದ್ದೆವಲ್ಲ, ಹಾಗೆ ಎಲ್ಲಕ್ಕೂ ಖಾಕಿ ಬೈಂಡ್ ಹಾಕಿ ಯಾರ ಪುಸ್ತಕ ಅಂತ ಹೇಳದೆ ಕೊಟ್ಟೆ. ಐದಾರು ಜನ "ಇದು ರೆಂಡೆಲ್‌ಗಿಂತ ಎಷ್ಟೋ ಮೇಲು" ಅಂದರು. ಬೈಂಡ್ ಬಿಚ್ಚಿದಾಗ ಅವರ ಮುಖ ನೋಡಬೇಕಿತ್ತು. ಆ ಕಥೆಯಲ್ಲಿ ಮಗು ನಿಜವಾಗಿ ಅಕ್ಕ ವೀರಾಳದೋ ತಂಗಿ ಈಡನ್‌ಳದೋ ಅಂತ ಕೊನೆಗೂ ಇತ್ಯರ್ಥ ಆಗುವುದಿಲ್ಲ. ಚೀಟಿ ಎಣಿಸಿದರೆ ಹೆಚ್ಚುಕಡಿಮೆ ಅರ್ಧ ಅರ್ಧ. ಒಬ್ಬರು ಇವತ್ತಿಗೂ ಅಂಗಡಿಯಲ್ಲಿ ಸಿಕ್ಕಿದಾಗ "ವೀರಾಳದೇ" ಅಂತಾರೆ.

ಎಲ್ಲ ಫಲಿಸಲಿಲ್ಲ. ಪುಸ್ತಕದ ಬದಲು ಆಡಿಯೋ ಕೊಟ್ಟು ನೋಡಿದೆ, ಎಲ್ಲಿ ನಿಲ್ಲಿಸಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಸಿನಿಮಾ ತೋರಿಸಿದ ತಿಂಗಳು ಯಾರೂ ಪುಸ್ತಕವನ್ನೇ ಓದಲಿಲ್ಲ. ಒಂದು ಸಲ ಕೋಣೆ ಬಾಡಿಗೆಗೆ ಕೊಡುವವರು ಅದೇ ಹೊತ್ತಿಗೆ ಯೋಗ ತರಗತಿಗೂ ಕೊಟ್ಟುಬಿಟ್ಟಿದ್ದರು. ಚಾಪೆಗಳ ನಡುವೆ ನಿಂತು ಕೊಲೆಯ ಮಾತಾಡಿದೆವು.

ದುಡ್ಡಿನ ಲೆಕ್ಕ ಈಗ ಸಲೀಸು. ಹೊಸ ಪ್ರತಿ ಕೊಳ್ಳುವುದೇ ಇಲ್ಲ. ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ರೆಂಡೆಲ್ ಒಂದು, ಒಂದೂವರೆ ಪೌಂಡಿಗೆ ಸಿಗುತ್ತಾರೆ. ಕೋಣೆಗೆ ಗಂಟೆಗೆ ಹನ್ನೆರಡು. ತಲೆಗೆ ಮೂರು ಪೌಂಡ್ ತಗೊಂಡರೆ ಟೀಗೂ ಮಿಗುತ್ತದೆ. ಚಕ್ಕುಲಿ ನನ್ನ ಲೆಕ್ಕ, ಚಕ್ಕುಲಿ ಇದ್ದ ದಿನ ಜನ ಜಾಸ್ತಿ ಅನ್ನುವುದೂ ನಿಜ.

ಮುಂದಿನ ಸರದಿ 'ಎ ಫೇಟಲ್ ಇನ್ವರ್ಷನ್'. 1976ರ ಸುಡು ಬೇಸಿಗೆ, ಸಫೊಕ್‌ನ ಒಂದು ದೊಡ್ಡ ಮನೆ, ಹತ್ತು ವರ್ಷದ ಮೇಲೆ ನಾಯಿ ಹೂಳಲು ಅಗೆದಾಗ ಸಿಗುವ ಮೂಳೆ. ಹನ್ನೆರಡು ಪ್ರತಿ ಸಿಕ್ಕಿವೆ, ಇನ್ನೂ ನಾಲ್ಕು ಬೇಕು. ಹನ್ನೊಂದಕ್ಕೆ ಬೈಂಡ್ ಹಾಕಿ ಆಯಿತು. ಉಳಿದ ಒಂದನ್ನು ನಮ್ಮ ಯಜಮಾನರು ಹಿಡಿದು ಕೂತಿದ್ದಾರೆ. "ರೀ, ಕೊಡಿ" ಅಂದರೆ ಪುಟ ಮುಗಿಯಲಿ ಅಂತಾರೆ. ನಾಲ್ಕು ದಿನವಾಯಿತು.