ಅಂತಸ್ತಿನ ಕೇಕಿನ ಆಧಾರದ ಕಡ್ಡಿಗಳನ್ನು ಕತ್ತರಿಸಲು ಯಾವ ಉಪಕರಣ?

ಅಂತಸ್ತಿನ ಕೇಕಿನಲ್ಲಿ ಮೇಲಿನ ಭಾರವನ್ನು ಹೊರುವುದು ಕೆಳಗಿನ ಕೇಕಲ್ಲ, ಅದರೊಳಗೆ ನೆಟ್ಟ ಕಡ್ಡಿಗಳು, ಅಂದರೆ ಡವೆಲ್‌ಗಳು. ಅವುಗಳಲ್ಲಿ ಒಂದು ತುಸು ಗಿಡ್ಡವಾದರೂ ಭಾರವೆಲ್ಲ ಉಳಿದವುಗಳ ಮೇಲೆ ಬಿದ್ದು ಮೇಲಂತಸ್ತು ವಾಲಬಹುದು. ಆದ್ದರಿಂದ ಉಪಕರಣವನ್ನು ಆರಿಸುವಾಗ ಅದು ಎಷ್ಟು ಬೇಗ ಕತ್ತರಿಸುತ್ತದೆ ಎಂಬುದಕ್ಕಿಂತ ತುದಿಯನ್ನು ಎಷ್ಟು ಸಮತಟ್ಟಾಗಿ ಬಿಡುತ್ತದೆ ಎಂಬುದನ್ನು ನೋಡಬೇಕು.

ಸುಮಾರು 6 ಮಿ.ಮೀ. ದಪ್ಪದ ಮರದ ಕಡ್ಡಿಗೆ ಸಣ್ಣ ಹಲ್ಲಿನ ಗರಗಸವೇ ಉತ್ತಮ. ಗಿಡ ಸವರುವ ಕತ್ತರಿ ಕ್ಷಣದಲ್ಲಿ ಕೆಲಸ ಮುಗಿಸುತ್ತದೆಯಾದರೂ ಮರವನ್ನು ಹಿಸುಕಿ ತುದಿಯಲ್ಲಿ ಸಿಬಿರೆಬ್ಬಿಸುತ್ತದೆ. ಅದನ್ನೇ ಬಳಸುವುದಾದರೆ ಹೊಸದನ್ನು ಕೊಂಡು ಅಡುಗೆಮನೆಗೆ ಮೀಸಲಿಡಿ. ತೋಟದಲ್ಲಿ ಬಳಸಿದ್ದನ್ನು ಎಷ್ಟು ತೊಳೆದರೂ ನಾನಂತೂ ಕೇಕಿನ ಹತ್ತಿರ ತರುವುದಿಲ್ಲ. ಟೊಳ್ಳಾದ ಪ್ಲಾಸ್ಟಿಕ್ ಕೊಳವೆಗಳನ್ನು ಸಾಮಾನ್ಯ ಕತ್ತರಿ ಚಪ್ಪಟೆ ಮಾಡುವುದರಿಂದ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪ್ ಕಟರ್ ಅವಕ್ಕೆ ಹೆಚ್ಚು ಹೊಂದುತ್ತದೆ. ದಪ್ಪ ಸ್ಟ್ರಾಗಳಿಗೆ ಅಡುಗೆಮನೆಯ ಕತ್ತರಿಯೇ ಸಾಕು.

ಮೊದಲು ಒಂದು ಕಡ್ಡಿಯನ್ನು ತಳದ ಹಲಗೆ ಮುಟ್ಟುವವರೆಗೆ ನೇರವಾಗಿ ಇಳಿಸಿ, ಐಸಿಂಗ್‌ನ ಮಟ್ಟದಲ್ಲಿ ಆಹಾರಯೋಗ್ಯ ಶಾಯಿಯ ಪೆನ್ನಿನಿಂದ ಗುರುತು ಹಾಕಿ ಹೊರತೆಗೆಯಿರಿ. ಉಳಿದೆಲ್ಲವನ್ನೂ ಆ ಅಳತೆಗೇ ಕತ್ತರಿಸಿ. ಒಂದೊಂದನ್ನೂ ಕೇಕಿನಲ್ಲಿ ಬೇರೆಬೇರೆಯಾಗಿ ಅಳೆದರೆ ಐಸಿಂಗ್‌ನ ಏರುತಗ್ಗುಗಳೇ ಕಡ್ಡಿಗಳಿಗೂ ಬರುತ್ತವೆ. ಮರದ ತುದಿಗಳನ್ನು ಕೇಕಿನಿಂದ ದೂರದಲ್ಲಿ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪುಡಿ ಹೋಗುವಂತೆ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ನೆಡಬೇಕು.