ರಸಮೇವಿನ ಗುಣ ಅಳೆಯುವುದು ಹೇಗೆ: ಗುಂಡಿಯ ಹಿಡಿಯಿಂದ ಸಗಣಿಯವರೆಗೆ

ರಸಮೇವು ಎಂದರೆ ಹಸಿ ಮೇವನ್ನು ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ಒತ್ತಿ ಮುಚ್ಚಿ ಹುದುಗಿಸಿದ ಮೇವು, ಅಂದರೆ ಸೈಲೇಜ್. ಅದರ ಪ್ರಯೋಗಾಲಯದ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು, "ಇದರಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಬರೆದಿದೆ, ದನ ಮಾತ್ರ ಮೂಸಿ ಬಿಡುತ್ತಿದೆಯಲ್ಲ" ಎನ್ನುವವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅವರಿಗೆ ನಾನು ಮೊದಲು ಕೇಳುವುದು ವರದಿಯ ಅಂಕಿಗಳನ್ನಲ್ಲ, ಮಾದರಿಯನ್ನು ಎಲ್ಲಿಂದ ಮತ್ತು ಹೇಗೆ ತೆಗೆದಿರಿ ಎಂದು. ಹೆಚ್ಚಿನ ಸಲ ಬರುವ ಉತ್ತರ ಒಂದೇ: ಗುಂಡಿಯ ನಡುಭಾಗದಲ್ಲಿ, ಎದೆಯೆತ್ತರದಲ್ಲಿ, ಹೊಂಬಣ್ಣಕ್ಕೆ ತಿರುಗಿದ ಜಾಗದಿಂದ ಒಂದು ಹಿಡಿ ಕಿತ್ತು ಚೀಲಕ್ಕೆ ಹಾಕಿದೆವು. ದನ ದಿನವೂ ತಿನ್ನುವುದು ಅಂಚು, ತಳ, ಮೇಲ್ಪದರ ಎಲ್ಲವೂ ಬೆರೆತ ಮೇವನ್ನು. ವರದಿ ಹೇಳುವುದು ಆ ಒಂದು ಹಿಡಿಯ ಕಥೆಯನ್ನು. ಆದ್ದರಿಂದ ಈ ಲೇಖನದಲ್ಲಿ ಮಾದರಿ ತೆಗೆಯುವ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಮೂಗು ಮತ್ತು ಅಂಗೈ

ಒಂದು ಹಿಡಿ ರಸಮೇವನ್ನು ಅಂಗೈಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ, ಬೆರಳು ಬಿಡಿಸಿ ನೋಡಿ. ರಸ ಸೋರಿ ಉಂಡೆ ಹಾಗೆಯೇ ನಿಂತರೆ ಒಣ ಅಂಶ (ನೀರನ್ನು ಬಿಟ್ಟು ಉಳಿಯುವ ಭಾಗ) ಶೇ 25ಕ್ಕಿಂತ ಕಡಿಮೆಯಿದೆ. ಅಂಗೈ ಮಾತ್ರ ಒದ್ದೆಯಾಗಿ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಸುಮಾರು ಶೇ 30ರಿಂದ 40ರ ನಡುವೆ ಇದೆ. ತಕ್ಷಣ ಉದುರಿದರೆ ಅದಕ್ಕಿಂತ ಒಣಗಿದೆ. ವಾಸನೆಯ ವಿಷಯದಲ್ಲಿ ಜನ ಮೋಸ ಹೋಗುವುದು ಒಂದು ಕಡೆ. ಒಳ್ಳೆಯ ಹುದುಗುವಿಕೆಯಲ್ಲಿ ಮೇಲುಗೈ ಪಡೆಯುವ ಲ್ಯಾಕ್ಟಿಕ್ ಆಮ್ಲಕ್ಕೆ ಹೆಚ್ಚು ವಾಸನೆಯೇ ಇಲ್ಲ. ಸುಟ್ಟ ಬೆಲ್ಲದಂತೆ, ಹೊಗೆಸೊಪ್ಪಿನಂತೆ ಘಮ್ಮೆನ್ನುವ ಕಂದು ರಸಮೇವನ್ನು ಹಲವರು ಉತ್ತಮ ಎಂದು ಹೊಗಳುತ್ತಾರೆ, ದನವೂ ಅದನ್ನು ಇಷ್ಟಪಟ್ಟೇ ತಿನ್ನುತ್ತದೆ. ವಾಸ್ತವವಾಗಿ ಅದು ಗುಂಡಿಯೊಳಗೆ ಕಾದ ಮೇವು. ಆ ಕಾವಿನಲ್ಲಿ ಪ್ರೋಟೀನು ಸಕ್ಕರೆಯೊಡನೆ ಬೆಸೆದುಕೊಂಡು ಜೀರ್ಣವಾಗದ ರೂಪಕ್ಕೆ ತಿರುಗಿರುತ್ತದೆ. ಕಮಟು ತುಪ್ಪದ ವಾಸನೆ ಬಂದು, ತೊಳೆದರೂ ಕೈಬಿಟ್ಟು ಹೋಗದಿದ್ದರೆ ಅದು ಬ್ಯುಟಿರಿಕ್ ಆಮ್ಲ, ಹುದುಗುವಿಕೆ ಕೆಟ್ಟಿದ್ದರ ಗುರುತು. ಬೂಷ್ಟು ಕಂಡಲ್ಲಿ ಮೂಗನ್ನು ಹತ್ತಿರ ಒಯ್ಯಬೇಡಿ.

ಹಂತ 2: ಮಾದರಿ ತೆಗೆಯುವುದು

ಮೊದಲು ಸುರಕ್ಷತೆ. ರಸಮೇವನ್ನು ಕೊರೆದು ತೆಗೆಯುವಾಗ ಉಳಿಯುವ ನೆಟ್ಟನೆಯ ಗೋಡೆ ಯಾವ ಸೂಚನೆಯನ್ನೂ ಕೊಡದೆ ಕುಸಿಯಬಲ್ಲದು, ಹೀಗೆ ಕುಸಿದ ರಾಶಿಯಡಿ ಸಿಕ್ಕವರು ಪ್ರಾಣ ಕಳೆದುಕೊಂಡಿದ್ದಾರೆ. ತಲೆಗಿಂತ ಎತ್ತರದ ಗೋಡೆಯ ಬುಡದಲ್ಲಿ ನಿಂತು ಕೈಯಿಂದ ಮಾದರಿ ಕೀಳುವ ಅಭ್ಯಾಸವನ್ನು ಇಂದೇ ಬಿಡಿ. ಮೇವು ತುಂಬಿ ಇನ್ನೂ ಮೂರು ವಾರ ಕಳೆಯದ ಗುಂಡಿಯ ಸುತ್ತ ಕಂದುಹಳದಿ ಹೊಗೆ ಕಂಡರೆ ಅದು ನೈಟ್ರೋಜನ್ ಡೈಆಕ್ಸೈಡ್. ಶ್ವಾಸಕೋಶವನ್ನು ಸುಡುವ ಅನಿಲವಾದ್ದರಿಂದ ಹತ್ತಿರ ಸುಳಿಯಬಾರದು.

ಸರಿಯಾದ ಕ್ರಮವೆಂದರೆ, ಆ ದಿನದ ಮೇವಿಗಾಗಿ ಯಂತ್ರದಿಂದ ಗೋಡೆಯ ಇಡೀ ಅಗಲ ಮತ್ತು ಎತ್ತರವನ್ನು ಮೇಲಿನಿಂದ ಕೆಳಕ್ಕೆ ಸವರಿ, ಉದುರಿದ್ದನ್ನು ಗೋಡೆಯಿಂದ ದೂರ, ಸ್ವಚ್ಛ ನೆಲದ ಮೇಲೆ ರಾಶಿ ಹಾಕಿ ಒಂದೆರಡು ಸಲ ಮಗುಚಿ, ಆ ರಾಶಿಯಿಂದ ಮಾದರಿ ತೆಗೆಯುವುದು. ಹಿಂದಿನ ದಿನವೇ ಉದುರಿ ಬಿದ್ದು ಗಾಳಿ ತಿಂದ ಮೇವನ್ನು ಅದರೊಡನೆ ಸೇರಿಸಬಾರದು. ಮೇಲ್ಪದರದ ಕಪ್ಪುಗಟ್ಟಿದ, ಲೋಳೆಯಾದ ಭಾಗವನ್ನೂ ಮೊದಲೇ ಬೇರ್ಪಡಿಸಿ ಎಸೆಯಬೇಕು. ಮಾದರಿಗೆ ಮಾತ್ರ ಅದನ್ನು ಬಿಟ್ಟು, ದನಕ್ಕೆ ಹಾಕುವಾಗ "ಸ್ವಲ್ಪ ಬೆರೆತರೆ ಏನಾಯಿತು" ಎನ್ನುವವರಿಗೆ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗವೊಂದನ್ನು ಹೇಳುತ್ತೇನೆ. ಅಲ್ಲಿ ಹೊಟ್ಟೆಗೆ ಕಿಂಡಿ ಅಳವಡಿಸಿದ ಹೋರಿಗಳಿಗೆ ಕೆಟ್ಟ ಮೇಲ್ಪದರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮೆಕ್ಕೆಜೋಳದ ರಸಮೇವು ಕೊಟ್ಟರು. ತಿನ್ನುವ ಪ್ರಮಾಣವೂ ಜೀರ್ಣವಾಗುವ ಅಂಶವೂ ಕುಗ್ಗಿದವು. ಕಿಂಡಿ ತೆರೆದು ನೋಡಿದಾಗ, ರೂಮೆನ್ ಎಂಬ ದೊಡ್ಡ ಹೊಟ್ಟೆಯೊಳಗೆ ತೇಲುತ್ತಾ ಮೆಲುಕಿಗೆ ಆಧಾರವಾಗಬೇಕಾದ ನಾರಿನ ಚಾಪೆಯೇ ಹಾಳಾಗಿತ್ತು.

ರಾಶಿಯ ಸುತ್ತ ನಡೆಯುತ್ತಾ 12ರಿಂದ 15 ಕಡೆ ಕೈ ಹಾಕಿ. ಇಲ್ಲಿ ಸಣ್ಣದೊಂದು ಸಂಗತಿಯನ್ನು ಬಹುತೇಕರು ಗಮನಿಸುವುದಿಲ್ಲ. ಅಂಗೈಯನ್ನು ಕೆಳಮುಖವಾಗಿಟ್ಟು ಹಿಡಿ ತುಂಬಿ ಎತ್ತಿದರೆ ಬೆರಳ ಸಂದಿಯಿಂದ ಕಾಳಿನ ಚೂರು, ಪುಡಿ, ಸಣ್ಣ ತುಣುಕು ಜಾರಿಹೋಗಿ ಉದ್ದ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ, ಪಿಷ್ಟವೆಲ್ಲ ನೆಲದ ಪಾಲಾಗುತ್ತದೆ. ಅಂಗೈ ಮೇಲ್ಮುಖವಾಗಿರುವಂತೆ ಕೈಯನ್ನು ರಾಶಿಯೊಳಗೆ ತೂರಿಸಿ, ಬೊಗಸೆಯಲ್ಲಿ ಎತ್ತುವಂತೆ ಎತ್ತಬೇಕು. ಎಲ್ಲ ಹಿಡಿಗಳನ್ನೂ ಅಗಲವಾದ ಬಕೆಟ್ಟಿಗೆ ಹಾಕಿ ಕಲಸಿ, ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಸುರಿಯಿರಿ. ಗುಡ್ಡೆಯನ್ನು ಚಪ್ಪಟೆ ಮಾಡಿ ಅಡ್ಡಡ್ಡ, ಉದ್ದುದ್ದ ಗೀರಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಪುಡಿಯ ಸಮೇತ ತೆಗೆದುಹಾಕಿ, ಉಳಿದೆರಡನ್ನು ಮತ್ತೆ ಕಲಸಿ. ಅರ್ಧದಿಂದ ಒಂದು ಕಿಲೋ ಉಳಿಯುವವರೆಗೆ ಇದನ್ನೇ ಮುಂದುವರಿಸಿ. ಬಕೆಟ್ಟಿನಿಂದ ನೇರವಾಗಿ ಮೇಲಿನದನ್ನು ಚೀಲಕ್ಕೆ ತುಂಬುವ ಅಡ್ಡದಾರಿಯಲ್ಲಿ ಪುಡಿಯೆಲ್ಲ ತಳದಲ್ಲೇ ಉಳಿದು, ಅಷ್ಟು ಹೊತ್ತಿನ ಶ್ರಮ ವ್ಯರ್ಥವಾಗುತ್ತದೆ.

ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಳಗಿನ ಗಾಳಿಯನ್ನೆಲ್ಲ ಹಿಂಡಿ ಹೊರಹಾಕಿ ಬಿಗಿಯಾಗಿ ಕಟ್ಟಿ, ಇನ್ನೊಂದು ಚೀಲದೊಳಗಿಟ್ಟು ಕೂಡಲೇ ತಣ್ಣಗಿರುವಲ್ಲಿ ಇಡಿ. ಒಮ್ಮೆ ಒಬ್ಬರು ತೆಳುವಾದ ಕೈಚೀಲದಲ್ಲಿ ಮಾದರಿ ಕಟ್ಟಿ ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ವಾಹನದೊಳಗೆ ಬಿಟ್ಟಿದ್ದರು. ಸಂಜೆ ನಾನು ಚೀಲ ಬಿಚ್ಚಿದಾಗ ಮೇವು ಮುಟ್ಟಲು ಬೆಚ್ಚಗಿತ್ತು, ಯೀಸ್ಟಿನ ವಾಸನೆ ಮುಖಕ್ಕೆ ರಾಚಿತು. ಗಾಳಿ ಸಿಕ್ಕ ಯೀಸ್ಟು ಮೊದಲು ತಿನ್ನುವುದೇ ಲ್ಯಾಕ್ಟಿಕ್ ಆಮ್ಲವನ್ನು, ಹಾಗಾಗಿ ಅಂಥ ಮಾದರಿಯ ವರದಿ ಗುಂಡಿಯ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ವಾರಾಂತ್ಯಕ್ಕೆ ಮುನ್ನ ಅಂಚೆಗೆ ಹಾಕಿ ಎರಡು ದಿನ ದಾರಿಯಲ್ಲಿ ಕೊಳೆಯಲು ಬಿಡುವುದಕ್ಕಿಂತ, ಫ್ರೀಜರಿನಲ್ಲಿಟ್ಟು ವಾರದ ಆರಂಭದಲ್ಲಿ ಕಳಿಸುವುದು ಒಳ್ಳೆಯದು.

ಗುಂಡಿ ತೆರೆಯುವ ಮೊದಲೇ ಕೊಳವೆ ಕೊರೆದು ಮಾದರಿ ತೆಗೆಯುವುದಾದರೆ ಹಲವು ಕಡೆ ಕೊರೆದು, ಪ್ರತಿ ತೂತಿಗೂ ಮೇವು ತುರುಕಿ, ಅದೇ ಗಳಿಗೆಯಲ್ಲಿ ಅಂಟುಪಟ್ಟಿ ಹಚ್ಚಿ.

ಹಂತ 3: ಪಿಎಚ್

ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ತಗ್ಗಿದಷ್ಟೂ ಆಮ್ಲೀಯತೆ ಹೆಚ್ಚು. 25 ಗ್ರಾಂ ಮೇವನ್ನು 225 ಮಿಲಿಲೀಟರ್ ಶುದ್ಧೀಕರಿಸಿದ ನೀರಿನಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು, ಸೋಸಿ ಮೀಟರಿನಲ್ಲಿ ನೋಡಿ. ಕಾಗದದ ಪಟ್ಟಿ ಸಾಲದು. ಇನ್ನು ಒಣ ಅಂಶ ತಿಳಿಯಲು, ಒಣಹುಲ್ಲಿನ ಹೊರೆಗೆ ಚುಚ್ಚಲೆಂದು ಮಾಡಿದ ತೇವಾಂಶ ಮೀಟರನ್ನು ರಸಮೇವಿಗೂ ಬಳಸುವವರಿದ್ದಾರೆ, ಅದನ್ನು ನಂಬಬೇಡಿ.

ಹಂತ 4: ವರದಿ ಓದುವುದು

ಒಣ ಅಂಶ ಶೇ 30ರಿಂದ 40 ಇರುವ ಮೆಕ್ಕೆಜೋಳದ ರಸಮೇವಿನಲ್ಲಿ ಪಿಎಚ್ 3.7ರಿಂದ 4.0, ಒಣ ಅಂಶದ ಲೆಕ್ಕದಲ್ಲಿ ಲ್ಯಾಕ್ಟಿಕ್ ಆಮ್ಲ ಶೇ 3ರಿಂದ 6, ಅಸಿಟಿಕ್ ಆಮ್ಲ ಶೇ 1ರಿಂದ 3 ಇದ್ದರೆ ಅದು ಚೆನ್ನಾಗಿ ಹುದುಗಿದೆ. ಹುಲ್ಲಿನ ರಸಮೇವಿಗೆ ಇದೇ ಅಳತೆಗೋಲು ಹಿಡಿಯಬಾರದು, ಅದರ ಪಿಎಚ್ 4.3ರಿಂದ 4.7ರವರೆಗೆ ಇರುವುದು ಸಹಜ. ಫಿನ್ಲೆಂಡಿನ ಎ. ಐ. ವಿರ್ಟಾನೆನ್ ತಾಜಾ ಮೇವಿಗೆ ಆಮ್ಲವನ್ನೇ ಬೆರೆಸಿ ಪಿಎಚ್ಚನ್ನು 4ಕ್ಕಿಂತ ಕೆಳಗಿಳಿಸಿ ಕೆಡದಂತೆ ಉಳಿಸುವ ವಿಧಾನ ರೂಪಿಸಿದರು. 1945ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಮುಖ್ಯವಾಗಿ ಆ ಕೆಲಸಕ್ಕೆ. ಆದರೆ ಪಿಎಚ್ ತಗ್ಗಿದೆ ಎಂಬ ಒಂದೇ ಕಾರಣಕ್ಕೆ ಮೇವು ಚೆನ್ನಾಗಿ ಜೀರ್ಣವಾಗುತ್ತದೆ ಎಂದು ತೀರ್ಮಾನಿಸುವುದು ತಪ್ಪು. ಬಲಿತು ಗಟ್ಟಿಯಾದ ದಂಟನ್ನೂ ಸೊಗಸಾಗಿ ಹುದುಗಿಸಬಹುದು. ಹುದುಗಿದ ಮಾತ್ರಕ್ಕೆ, ದಂಟನ್ನು ಗಟ್ಟಿಯಾಗಿಸುವ, ಜೀರ್ಣವಾಗದ ಲಿಗ್ನಿನ್ ಕರಗುವುದಿಲ್ಲ.

ಅದಕ್ಕಾಗಿ ನಾನು ವರದಿಯಲ್ಲಿ ಮೊದಲು ಹುಡುಕುವುದು ನಾರಿನ ಜೀರ್ಣಶೀಲತೆಯ ಸಾಲನ್ನು. ಮೇವಿನ ಜೀರ್ಣಶೀಲತೆ ಅಳೆಯಲು ಸಂಶೋಧಕರಾದ ಟಿಲ್ಲಿ ಮತ್ತು ಟೆರ್ರಿ 1963ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೇವನ್ನು 48 ಗಂಟೆ ರೂಮೆನ್ನಿನ ದ್ರವದಲ್ಲಿ, ಮತ್ತೆ 48 ಗಂಟೆ ಆಮ್ಲ ಮತ್ತು ಪೆಪ್ಸಿನ್ ಎಂಬ ಜೀರ್ಣರಸದಲ್ಲಿ ಇಟ್ಟು ಉಳಿದುದನ್ನು ತೂಗುತ್ತಾರೆ. ಗಾಜಿನ ಕೊಳವೆಯೊಳಗಿನ ಹಸುವಿನ ಹೊಟ್ಟೆ ಎನ್ನಬಹುದು. ಈಗ ಹೆಚ್ಚಿನ ಕಡೆ ಬೆಳಕಿನ ಕಿರಣ ಹಾಯಿಸಿ ನಿಮಿಷದಲ್ಲಿ ಅಂದಾಜು ಕೊಡುವ ಯಂತ್ರವಿದೆ. ನಿಮ್ಮ ಮೇವಿನ ಜಾತಿಗೇ ಯಂತ್ರವನ್ನು ಹೊಂದಿಸಿದ್ದಾರೆಯೇ ಎಂದು ಕೇಳದೆ ಆ ಅಂಕಿಯನ್ನು ಒಪ್ಪಬೇಡಿ. ಈ ಸಾಲು ಏಕೆ ಮುಖ್ಯವೆಂಬುದನ್ನು ಸಂಶೋಧಕರಾದ ಒಬಾ ಮತ್ತು ಅಲೆನ್ 1999ರಲ್ಲಿ ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ ತೋರಿಸಿದರು: ನಾರಿನ ಜೀರ್ಣಶೀಲತೆ ಶೇಕಡಾ ಲೆಕ್ಕದಲ್ಲಿ ಒಂದು ಅಂಕ ಏರಿದರೆ ಹಸು ದಿನಕ್ಕೆ ಸುಮಾರು 0.17 ಕಿಲೋ ಹೆಚ್ಚು ಒಣ ಮೇವು ತಿಂದು, ಸುಮಾರು 0.25 ಕಿಲೋ ಹೆಚ್ಚು ಹಾಲು ಕೊಡುತ್ತದೆ.

ನಂತರ ಅಮೋನಿಯಾ. ಹುಲ್ಲಿನ ರಸಮೇವಿನಲ್ಲಿ ಒಟ್ಟು ಸಾರಜನಕದ ಶೇ 12ಕ್ಕಿಂತ ಹೆಚ್ಚು ಭಾಗ ಅಮೋನಿಯಾ ರೂಪದಲ್ಲಿದ್ದರೆ, ಒದ್ದೆ ಮೇವಿನಲ್ಲಿ ಕ್ಲಾಸ್ಟ್ರಿಡಿಯಂ ಗುಂಪಿನ ಬ್ಯಾಕ್ಟೀರಿಯಾ ಪ್ರೋಟೀನನ್ನು ಕೊಳೆಯಿಸಿವೆ ಎಂದು ಶಂಕಿಸಬೇಕು. ಬೂದಿಯ (ಮೇವನ್ನು ಸುಟ್ಟ ಮೇಲೆ ಉಳಿಯುವ ಖನಿಜದ) ಅಂಶವೂ ಹೆಚ್ಚಿದ್ದರೆ, ಕೊಯ್ಯುವಾಗ ಮಣ್ಣು ಸೇರಿದ್ದೇ ಮೂಲ. ಇಂಥ ಗುಂಡಿಯನ್ನು "ಸರಿಪಡಿಸುವ" ಪುಡಿಗಳು ಮಾರಾಟಕ್ಕಿವೆ. ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಕತ್ತರಿಸುವ ಹೊತ್ತಿನಲ್ಲಿ ಬೆರೆಸಿದರೆ ಪ್ರಯೋಜನವುಂಟು, ಅದೂ ಕ್ಲೋರಿನ್ ಇಲ್ಲದ ನೀರಿನಲ್ಲಿ ಕರಗಿಸಿದರೆ. ಕೆಟ್ಟ ಮೇಲೆ ಎರಚುವ ಪುಡಿ ಹಣ ಕಳೆಯುವ ದಾರಿ ಮಾತ್ರ.

ಹಂತ 5: ಮೇಯುವ ದನಕ್ಕೆ ಹೊಂದಿಸುವುದು

ಕೊಟ್ಟಿಗೆಯಲ್ಲಿ ಕಟ್ಟಿದ ದನಕ್ಕೂ ಬಯಲಲ್ಲಿ ಮೇಯುವ ದನಕ್ಕೂ ಇಲ್ಲಿ ಲೆಕ್ಕ ಬೇರೆ. ಎಳೆಹುಲ್ಲಿನಲ್ಲಿ ಬೇಗ ಕರಗುವ ಪ್ರೋಟೀನು ಹೇರಳವಾಗಿರುತ್ತದೆ, ಅದು ರೂಮೆನ್ನಿನಲ್ಲಿ ತಕ್ಷಣ ಅಮೋನಿಯಾ ಆಗುತ್ತದೆ. ಅದೇ ಹೊತ್ತಿನಲ್ಲಿ ಸೂಕ್ಷ್ಮಜೀವಿಗಳಿಗೆ ಸಕ್ಕರೆ, ಪಿಷ್ಟ ಸಿಕ್ಕರೆ ಅವು ಆ ಅಮೋನಿಯಾವನ್ನು ತಮ್ಮ ಮೈಯ ಪ್ರೋಟೀನಾಗಿ ಕಟ್ಟಿಕೊಳ್ಳುತ್ತವೆ. ಸಿಗದಿದ್ದರೆ ಅದು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಆದ್ದರಿಂದ ಎಳೆಹುಲ್ಲು ಮೇಯುವ ದನಕ್ಕೆ ಕಾಳಿರುವ ಮೆಕ್ಕೆಜೋಳದ ರಸಮೇವೇ ಜೋಡಿ, ಅಮೋನಿಯಾ ತುಂಬಿದ ಹುಲ್ಲಿನ ರಸಮೇವಲ್ಲ. ಬಯಲಲ್ಲಿ ಹುಲ್ಲು ಸಾಕಷ್ಟಿರುವಾಗ ರಸಮೇವು ಕೊಟ್ಟರೆ ದನ ಹೆಚ್ಚುಕಡಿಮೆ ಅಷ್ಟೇ ಹುಲ್ಲನ್ನು ಮೇಯದೆ ಬಿಡುತ್ತದೆ. ಹುಲ್ಲು ಕೊರತೆಯಾದಾಗ ಮಾತ್ರ ಅದು ನಿಜವಾದ ಸೇರ್ಪಡೆ. ಹೊಸ ಮೇವಿಗೆ ಎರಡು ವಾರವಾದರೂ ತೆಗೆದುಕೊಂಡು ಹಂತಹಂತವಾಗಿ ಒಗ್ಗಿಸಿ.

ಕುರಿಗಳಿಗೆ ಪಿಎಚ್ 5.5 ದಾಟಿದ ಅಥವಾ ಬೂಷ್ಟು ಹಿಡಿದ ರಸಮೇವನ್ನು ಕೊಡಲೇಬಾರದು, ಅದರಲ್ಲಿ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮಿದುಳಿನ ಉರಿಯೂತವನ್ನೂ ಗರ್ಭಪಾತವನ್ನೂ ತರುತ್ತದೆ.

ಹಂತ 6: ಸಗಣಿ ತೊಳೆದು ನೋಡುವುದು

ಮೇವು ಬದಲಿಸಿ ಎರಡು ವಾರವಾದ ಮೇಲೆ, ಐದಾರು ದನಗಳ ತಾಜಾ ಸಗಣಿಯನ್ನು ಒಂದೊಂದು ಲೋಟದಷ್ಟು ತೆಗೆದುಕೊಂಡು, ಬೇರೆಬೇರೆಯಾಗಿ ಹಿಟ್ಟಿನ ಜರಡಿಗಿಂತ ದೊಡ್ಡ ಕಣ್ಣಿನ ಜರಡಿಯಲ್ಲಿ, ನಲ್ಲಿಯ ಕೆಳಗೆ ನೀರು ತಿಳಿಯಾಗುವವರೆಗೆ ತೊಳೆಯಿರಿ. ಉಗುರಿನಿಂದ ಒತ್ತಿದಾಗ ಬಿಳಿ ಹಿಟ್ಟು ಹೊರಬರುವ ಕಾಳಿನ ಚೂರುಗಳು ಉಳಿದಿದ್ದರೆ, ಕತ್ತರಿಸುವಾಗ ಕಾಳು ಒಡೆದಿಲ್ಲ, ಪಿಷ್ಟ ಹಾಗೆಯೇ ಹೊರಹೋಗುತ್ತಿದೆ. ಗುಂಡಿ ಹಳೆಯದಾದಂತೆ ಕಾಳಿನ ಪಿಷ್ಟವನ್ನು ಸುತ್ತಿರುವ ಪ್ರೋಟೀನು ಕರಗಿ ಜೀರ್ಣಶೀಲತೆ ತಿಂಗಳಿಂದ ತಿಂಗಳಿಗೆ ಏರುವುದರಿಂದ, ಮೊದಲ ತಿಂಗಳಿನ ಫಲಿತಾಂಶವನ್ನೇ ಕೊನೆಯದೆಂದು ತಿಳಿಯಬೇಡಿ. ಬೆರಳಗಲದಷ್ಟು ಉದ್ದದ ನಾರು ಹೇರಳವಾಗಿದ್ದರೆ ಮೆಲುಕು ಸಾಲದಾಗಿದೆ. ಮಲಗಿ ವಿಶ್ರಮಿಸುವ ದನಗಳಲ್ಲಿ ಅರ್ಧಕ್ಕಿಂತ ಕಡಿಮೆ ಮೆಲುಕು ಹಾಕುತ್ತಿದ್ದರೆ ಅದೇ ಅನುಮಾನ ಗಟ್ಟಿಯಾಗುತ್ತದೆ. ಎಳೆಹುಲ್ಲು ಮೇಯುವಾಗ ಸಗಣಿ ತೆಳುವಾಗುವುದು ಸಹಜವಾದ್ದರಿಂದ, ರಸಮೇವು ಶುರು ಮಾಡುವ ಮುಂಚೆಯೂ ಒಮ್ಮೆ ತೊಳೆದು ನೋಡಿರಬೇಕು. ಜರಡಿಯಲ್ಲಿ ಉಳಿದುದನ್ನು ಬಿಳಿ ತಟ್ಟೆಗೆ ಹರಡಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೊ ತೆಗೆದು, ದಿನಾಂಕ ಮತ್ತು ಗುಂಡಿಯ ಸಂಖ್ಯೆ ಬರೆದು, ವರದಿಯ ಹಾಳೆಯ ಹಿಂದೆಯೇ ಅಂಟಿಸಿಡಿ.