ಜಾಂಗೋ ಪ್ರಾಜೆಕ್ಟಿನ ರೂಟ್‌ಗಳನ್ನು ಪಟ್ಟಿ ಮಾಡುವ ಕಮಾಂಡ್ ಬರೆಯುವ ಬಗೆ

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಆದ ಫ್ಲಾಸ್ಕ್‌ನಲ್ಲಿ ಬರೆದ ಅಪ್ಲಿಕೇಶನ್ನಿನ ರೂಟ್‌ಗಳನ್ನು (ಯಾವ ವಿಳಾಸಕ್ಕೆ ಯಾವ ಕೋಡ್ ಉತ್ತರಿಸಬೇಕು ಎಂಬ ಜೋಡಣೆಗಳನ್ನು) ನೋಡಲು ಟರ್ಮಿನಲ್‌ನಲ್ಲಿ ‘ಫ್ಲಾಸ್ಕ್ ರೂಟ್ಸ್’ ಎಂದು ಟೈಪಿಸಿದರೆ ಸಾಕು. ರೈಲ್ಸ್ ಮತ್ತು ಲಾರಾವೆಲ್‌ಗಳ ಜೊತೆಗೂ ಇಂಥದೊಂದು ಕಮಾಂಡ್ ಬರುತ್ತದೆ. ಪೈಥಾನಿನದೇ ಇನ್ನೊಂದು ಫ್ರೇಮ್‌ವರ್ಕ್ ಆದ ಜಾಂಗೋದಲ್ಲಿ ಮಾತ್ರ ಅದು ಇಲ್ಲ. ಜಾಂಗೋ-ಎಕ್ಸ್‌ಟೆನ್ಶನ್ಸ್ ಪ್ಯಾಕೇಜ್ ಹಾಕಿಕೊಂಡವರಿಗೆ ‘ಶೋ_ಯುಆರ್‌ಎಲ್ಸ್’ ಸಿಗುತ್ತದೆ. ಆದರೆ ನಮಗೆ ಬೇಕಾದ ಕಾಲಂಗಳನ್ನೇ ಇಟ್ಟುಕೊಂಡು ಸ್ವಂತದ್ದೊಂದನ್ನು ಬರೆಯುವುದು ಕಷ್ಟವಲ್ಲ.

ಮೊದಲು ಕಡತವನ್ನು ಸರಿಯಾದ ಜಾಗದಲ್ಲಿ ಇಡಬೇಕು. ‘ಇನ್‌ಸ್ಟಾಲ್ಡ್_ಆ್ಯಪ್ಸ್’ ಪಟ್ಟಿಯಲ್ಲಿರುವ ಯಾವುದಾದರೊಂದು ಆ್ಯಪ್‌ನ ಒಳಗೆ ‘ಮ್ಯಾನೇಜ್‌ಮೆಂಟ್’ ಎಂಬ ಫೋಲ್ಡರ್, ಅದರೊಳಗೆ ‘ಕಮಾಂಡ್ಸ್’ ಎಂಬ ಫೋಲ್ಡರ್ ಮಾಡಿ, ಎರಡರಲ್ಲೂ ಖಾಲಿ ‘ಇನಿಟ್’ ಕಡತವನ್ನು ಇಡಿ. ಒಳಗಿನ ಫೋಲ್ಡರ್‌ನಲ್ಲಿ ‘ರೂಟ್ಸ್’ ಹೆಸರಿನ ಪೈಥಾನ್ ಕಡತವನ್ನು ತೆರೆಯಿರಿ. ಕಡತದ ಹೆಸರೇ ಕಮಾಂಡಿನ ಹೆಸರಾಗುತ್ತದೆ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರನ್ನು ಜಾಂಗೋ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಕಡತದೊಳಗೆ ‘ಬೇಸ್‌ಕಮಾಂಡ್’ ಅನ್ನು ಆಧರಿಸಿದ ‘ಕಮಾಂಡ್’ ಎಂಬ ಕ್ಲಾಸ್ ಇರಬೇಕು, ಅದರಲ್ಲಿ ‘ಹ್ಯಾಂಡಲ್’ ಎಂಬ ಮೆಥಡ್ ಇರಬೇಕು.

ನಿಜವಾದ ಕೆಲಸ ಇರುವುದು ‘ಹ್ಯಾಂಡಲ್’ನಲ್ಲಿ. ಯುಆರ್‌ಎಲ್ ಕಡತಗಳ ಪಠ್ಯವನ್ನು ಓದಿ ರೂಟ್‌ಗಳನ್ನು ಹೆಕ್ಕುವ ಯೋಚನೆ ಬೇಡ. ಲೂಪ್ ಹಾಕಿ ಸೇರಿಸಿದ ರೂಟ್‌ಗಳೂ ಬೇರೆ ಪ್ಯಾಕೇಜ್‌ಗಳಿಂದ ‘ಇನ್‌ಕ್ಲೂಡ್’ ಆಗಿ ಬಂದವೂ ಅಲ್ಲಿ ಕಾಣುವುದಿಲ್ಲ. ಅದರ ಬದಲು ‘ಗೆಟ್_ರಿಸಾಲ್ವರ್’ ಫಂಕ್ಷನ್ ಅನ್ನು ಕರೆದರೆ, ಬರುವ ವಿನಂತಿಗಳನ್ನು ಹೊಂದಿಸಲು ಜಾಂಗೋ ತಾನೇ ಬಳಸುವ ರೂಟ್‌ಗಳ ಮರ ಕೈಗೆ ಬರುತ್ತದೆ. ಅದರ ‘ಯುಆರ್‌ಎಲ್_ಪ್ಯಾಟರ್ನ್ಸ್’ ಪಟ್ಟಿಯಲ್ಲಿ ಎರಡೇ ಬಗೆಯ ವಸ್ತುಗಳಿರುತ್ತವೆ: ವ್ಯೂ (ವಿನಂತಿಗೆ ಉತ್ತರ ಕೊಡುವ ಫಂಕ್ಷನ್ ಅಥವಾ ಕ್ಲಾಸ್) ಒಂದಕ್ಕೆ ನೇರವಾಗಿ ಜೋಡಿಸಿದ ‘ಯುಆರ್‌ಎಲ್‌ಪ್ಯಾಟರ್ನ್’, ಮತ್ತು ‘ಇನ್‌ಕ್ಲೂಡ್’ನಿಂದ ಹುಟ್ಟಿದ ‘ಯುಆರ್‌ಎಲ್‌ರಿಸಾಲ್ವರ್’. ಎರಡನೆಯದು ಸಿಕ್ಕಾಗ, ಅಲ್ಲಿಯವರೆಗಿನ ಪಥವನ್ನೂ ನೇಮ್‌ಸ್ಪೇಸ್‌ಗಳನ್ನೂ (ರೂಟ್‌ಗಳ ಗುಂಪಿಗೆ ಇಟ್ಟ ಹೆಸರುಗಳನ್ನೂ) ಜೊತೆಗೆ ಕೊಟ್ಟು ಅದೇ ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುವಂತೆ ಬರೆಯಿರಿ. ಮೊದಲನೆಯದು ಸಿಕ್ಕಾಗ ಒಂದು ಸಾಲು ಮುದ್ರಿಸಿ. ಪಥದ ತುಣುಕು ಬೇಕಾದರೆ ವಸ್ತುವಿನ ‘ಪ್ಯಾಟರ್ನ್’ ಗುಣವನ್ನು ಸ್ಟ್ರಿಂಗ್ ಆಗಿ ಬದಲಾಯಿಸಿದರಾಯಿತು. ಮರದ ಎಲ್ಲಕ್ಕಿಂತ ಮೇಲಿನ ರಿಸಾಲ್ವರ್‌ನ ಸ್ವಂತ ಪ್ಯಾಟರ್ನ್ ‘^/’ ಎಂದಿರುವುದರಿಂದ ಅದನ್ನು ಬಿಟ್ಟು, ಅದರ ಮಕ್ಕಳಿಂದ ಬರಿಯ ‘/’ ಇಟ್ಟುಕೊಂಡು ಹೊರಡಿ. ಇಲ್ಲವಾದರೆ ಆ ಟೋಪಿ ಚಿಹ್ನೆ ಪ್ರತಿ ಸಾಲಿನ ತಲೆಯ ಮೇಲೂ ಕೂರುತ್ತದೆ.

‘ರೀ_ಪಾತ್’ನಿಂದ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿ ಬರೆದ ರೂಟ್‌ಗಳಲ್ಲಿ ಆರಂಭ ಮತ್ತು ಕೊನೆಯನ್ನು ಸೂಚಿಸುವ ‘^’ ಮತ್ತು ‘$’ ಹಾಗೆಯೇ ಉಳಿಯುತ್ತವೆ. ನೋಟಕ್ಕೆ ಅಂದವಿಲ್ಲವೆಂದು ಅವನ್ನು ಅಳಿಸಬೇಡಿ. ಕೊನೆಯ ‘$’ ಬಿಟ್ಟುಹೋದ ರೂಟ್ ಬೇಡದ ವಿಳಾಸಗಳನ್ನೂ ನುಂಗುತ್ತದೆ, ಅಂಥದು ಪಟ್ಟಿಯಲ್ಲೇ ಕಣ್ಣಿಗೆ ಬೀಳಬೇಕು.

ವ್ಯೂ ಹೆಸರಿಗೆ ‘ಯುಆರ್‌ಎಲ್‌ಪ್ಯಾಟರ್ನ್’ನ ‘ಲುಕಪ್_ಸ್ಟರ್’ ಸಾಕು. ಕ್ಲಾಸ್ ವ್ಯೂ ಆಗಿದ್ದರೆ ಅದು ಕ್ಲಾಸಿನ ಹೆಸರನ್ನೇ ಕೊಡುತ್ತದೆ. ಗೆಟ್, ಪೋಸ್ಟ್ ಮುಂತಾದ ಎಚ್‌ಟಿಟಿಪಿ ಮೆಥಡ್‌ಗಳ ಕಾಲಂ ಮಾತ್ರ ಸ್ವಲ್ಪ ತೊಡಕಿನದು. ಫ್ಲಾಸ್ಕ್ ಈ ವಿವರವನ್ನು ರೂಟ್‌ನ ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ, ಜಾಂಗೋ ಪಥವನ್ನಷ್ಟೇ ನೋಡಿ ಉಳಿದದ್ದನ್ನು ವ್ಯೂಗೆ ಬಿಡುತ್ತದೆ. ಕ್ಲಾಸ್ ವ್ಯೂ ಆದರೆ ‘ಎಚ್‌ಟಿಟಿಪಿ_ಮೆಥಡ್_ನೇಮ್ಸ್’ ಪಟ್ಟಿಯಲ್ಲಿರುವ ಯಾವ ಹೆಸರುಗಳ ಮೆಥಡ್‌ಗಳು ಆ ಕ್ಲಾಸಿನಲ್ಲಿವೆ ಎಂದು ನೋಡಿ ಬರೆಯಬಹುದು. ಫಂಕ್ಷನ್ ವ್ಯೂಗಳಲ್ಲಿ ಯಾವ ಮೆಥಡ್‌ಗೆ ಅವಕಾಶ ಎಂಬ ನಿರ್ಬಂಧ ಡೆಕೊರೇಟರ್‌ನ (ಫಂಕ್ಷನ್‌ಗೆ ಸುತ್ತಿದ ಹೊದಿಕೆಯ) ಒಳಗೆ ಅಡಗಿರುತ್ತದೆ. ಅಲ್ಲಿ ಊಹೆ ಮಾಡದೆ ಒಂದು ಅಡ್ಡಗೆರೆ ಹಾಕುವುದೇ ಪ್ರಾಮಾಣಿಕ.

ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಮಟ್ಟಿಗೆ ಅದು ತಪ್ಪು ಆಯ್ಕೆ. ಜಾಂಗೋ ಮೇಲಿನಿಂದ ಕೆಳಕ್ಕೆ ನೋಡುತ್ತ ಮೊದಲು ಹೊಂದಿದ ರೂಟ್‌ನಲ್ಲೇ ನಿಲ್ಲುವುದರಿಂದ, ಕ್ರಮವೇ ಇಲ್ಲಿ ಮುಖ್ಯ ಮಾಹಿತಿ. ಗ್ರಂಥಾಲಯದ ಅಪ್ಲಿಕೇಶನ್ ಒಂದರಲ್ಲಿ ‘/ಬುಕ್ಸ್/<ಸ್ಲಗ್:ಟೈಟಲ್>/’ ಮೇಲಿದ್ದು ‘/ಬುಕ್ಸ್/ನ್ಯೂ/’ ಕೆಳಗಿದ್ದರೆ, ಹೊಸ ಪುಸ್ತಕ ಸೇರಿಸುವ ಪುಟ ಎಂದಿಗೂ ತೆರೆಯುವುದಿಲ್ಲ, ‘ನ್ಯೂ’ ಎಂಬ ಶೀರ್ಷಿಕೆಯ ಪುಸ್ತಕಕ್ಕಾಗಿ ಹುಡುಕಾಟ ನಡೆಯುತ್ತದೆ. ಸಿಕ್ಕ ಕ್ರಮದಲ್ಲೇ ಮುದ್ರಿಸಿದ ಪಟ್ಟಿಯಲ್ಲಿ ಈ ಎರಡು ಸಾಲುಗಳ ಸ್ಥಾನ ನೋಡಿದ ಕೂಡಲೇ ಕಾರಣ ಹೊಳೆಯುತ್ತದೆ. ಅಕಾರಾದಿಯಲ್ಲಿ ಅದು ಮುಚ್ಚಿಹೋಗುತ್ತದೆ. ಬೇಕೆನ್ನುವವರಿಗೆ ‘--ಸಾರ್ಟ್’ ಎಂಬ ಆಯ್ಕೆ ಇರಲಿ.

ಆಯ್ಕೆಗಳನ್ನು ‘ಆ್ಯಡ್_ಆರ್ಗ್ಯುಮೆಂಟ್ಸ್’ ಮೆಥಡ್‌ನಲ್ಲಿ ಸೇರಿಸಬೇಕು. ಅಲ್ಲಿ ಸಿಗುವುದು ಪೈಥಾನಿನ ಆರ್ಗ್‌ಪಾರ್ಸ್. ಅಡ್ಮಿನ್ ವಿಭಾಗ ಪ್ರತಿ ಮಾಡೆಲ್‌ಗೂ ಹಲವು ರೂಟ್‌ಗಳನ್ನು ಸೇರಿಸುವುದರಿಂದ, ಹೆಸರಿಸಿದ ನೇಮ್‌ಸ್ಪೇಸ್ ಅನ್ನು ಬಿಟ್ಟುಬಿಡುವ ಆಯ್ಕೆಯೊಂದು ಮೊದಲ ದಿನವೇ ಬೇಕಾಗುತ್ತದೆ. ಕಾಲಂಗಳ ನಡುವೆ ಟ್ಯಾಬ್ ಇಟ್ಟರೆ ಗ್ರೆಪ್, ಕಟ್ ಮುಂತಾದ ಹಳೆಯ ಸಲಕರಣೆಗಳು ಪಟ್ಟಿಯ ಮೇಲೆ ಸಲೀಸಾಗಿ ಕೆಲಸ ಮಾಡುತ್ತವೆ.

ಮುದ್ರಿಸುವಾಗ ‘ಪ್ರಿಂಟ್’ ಬಳಸದೆ ‘ಸೆಲ್ಫ್.ಎಸ್‌ಟಿಡಿಔಟ್.ರೈಟ್’ ಬಳಸಿ. ಆಗ ಟೆಸ್ಟ್‌ನಲ್ಲಿ ‘ಕಾಲ್_ಕಮಾಂಡ್’ಗೆ ‘ಸ್ಟ್ರಿಂಗ್‌ಐಒ’ ಒಂದನ್ನು ಕೊಟ್ಟು, ಖಚಿತವಾಗಿ ಇರಲೇಬೇಕಾದ ರೂಟ್ ಔಟ್‌ಪುಟ್‌ನಲ್ಲಿ ಇದೆಯೇ ಎಂದು ನೋಡಬಹುದು. ಈ ಟೆಸ್ಟ್ ಬಿಡಬೇಡಿ, ಏಕೆಂದರೆ ‘ಲುಕಪ್_ಸ್ಟರ್’ನಂಥವು ಜಾಂಗೋದ ಒಳಗಿನ ವಿವರಗಳು, ಮುಂದಿನ ಆವೃತ್ತಿಯಲ್ಲಿ ಬದಲಾದರೆ ಟೆಸ್ಟ್ ಮೊದಲು ಕೂಗಬೇಕು.

ಪಟ್ಟಿಯನ್ನು ಒಂದು ಕಡತಕ್ಕೆ ಬರೆದು ಗಿಟ್‌ನಲ್ಲಿ ಇಟ್ಟರೆ, ಹೊಸದಾಗಿ ಸೇರಿದ ರೂಟ್ ಕೋಡ್ ರಿವ್ಯೂನಲ್ಲಿ ಒಂದು ಸಾಲಾಗಿ ಕಾಣುತ್ತದೆ. ಆದರೆ ಡೀಬಗ್ ಸ್ಥಿತಿಯಲ್ಲಿ ಮಾತ್ರ ಸೇರುವ ರೂಟ್‌ಗಳು ಅನೇಕ ಪ್ರಾಜೆಕ್ಟ್‌ಗಳಲ್ಲಿ ಇರುತ್ತವೆ. ಆದ್ದರಿಂದ ಆ ಕಡತವನ್ನು ತಯಾರಿಸುವಾಗ ‘--ಸೆಟ್ಟಿಂಗ್ಸ್’ ಆಯ್ಕೆಯಿಂದ ಪ್ರೊಡಕ್ಷನ್ ಸೆಟ್ಟಿಂಗ್ಸ್ ಅನ್ನೇ ಕೊಡಿ.